ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?

"ಯಾವ ಲ್ಯಾಪ್‌ಟಾಪ್ ತಗೊಳ್ಳಲಿ? ದಿನದ ಕೆಲಸಾನೂ ಆಗಬೇಕು, ಫೋಟೋ, ವಿಡಿಯೋ ಎಡಿಟಿಂಗೂ ಮಾಡಬೇಕು." ಪರಿಚಯದವರು ಫೋನ್ ಮಾಡಿದರೆ ಮಾತು ಇಲ್ಲಿಗೆ ಬಂದೇ ಬರುತ್ತದೆ. ಹಿಂದೆಯೇ "ಐ5 ಸಾಕಾ, ಐ7 ಬೇಕಾ?" ಅಂತ ಪ್ರೊಸೆಸರ್ ಬಗ್ಗೆ ಇನ್ನೊಂದು ಪ್ರಶ್ನೆ. ನಾನು ಅದನ್ನು ಬಿಟ್ಟು, ಸ್ಕ್ರೀನ್ ಹೇಗಿದೆ ಅಂತ ಕೇಳುತ್ತೇನೆ.

ಇದು ಪೆಟ್ಟು ತಿಂದು ಕಲಿತದ್ದು. ಸ್ನೇಹಿತರೊಬ್ಬರ ಮಗುವಿನ ಫೋಟೋಗಳನ್ನು ಎಡಿಟ್ ಮಾಡಿಕೊಟ್ಟಿದ್ದೆ. ನನ್ನ ಸ್ಕ್ರೀನಿನಲ್ಲಿ ಮುಖ ಸಪ್ಪೆಯಾಗಿ ಕಾಣುತ್ತಿತ್ತು. ಕೆಂಪು ಸ್ವಲ್ಪ ಏರಿಸಿದೆ. ಸಾಲದು ಅನ್ನಿಸಿ ಇನ್ನೂ ಸ್ವಲ್ಪ ಏರಿಸಿದೆ. ಪ್ರಿಂಟ್ ಕೈಗೆ ಬಂದಾಗ ಪಾಪ, ಮಗು ಟೊಮೇಟೊ ಥರ ಇತ್ತು! ಪ್ರಿಂಟ್ ಮಾಡಿದವರದ್ದೇನೂ ತಪ್ಪಿಲ್ಲ. ನನ್ನ ಲ್ಯಾಪ್‌ಟಾಪಿನ ವಿವರದಲ್ಲೇ '45% ಎನ್‌ಟಿಎಸ್‌ಸಿ' ಅಂತಿತ್ತು, ನಾನು ಗಮನಿಸಿರಲಿಲ್ಲ. ಸ್ಕ್ರೀನು ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವ ಅಳತೆ ಅದು. ವೆಬ್‌ನಲ್ಲಿ ಎಲ್ಲರೂ ಬಳಸುವ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಶೇ. 60ರ ಆಸುಪಾಸು ಮಾತ್ರ ಅಂಥ ಸ್ಕ್ರೀನು ತೋರಿಸುತ್ತದೆ. ಉಳಿದದ್ದು ಸಪ್ಪೆ. ಹಾಗಾಗಿ '100% ಎಸ್‌ಆರ್‌ಜಿಬಿ' ಅಂತ ಬರೆದಿದೆಯಾ ನೋಡಿ. ಬೆಳಕು 300 ನಿಟ್ಸ್ ಆದರೂ ಇರಲಿ. ಬರೀ ಮೇಲ್, ಬರವಣಿಗೆ ಮಾಡುವವರಿಗೂ ದಿನವಿಡೀ ನೋಡೋದು ಇದನ್ನೇ ಅಲ್ವಾ?

ಆಮೇಲೆ ರ‍್ಯಾಮ್, ಅಂದರೆ ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ. ಎಡಿಟಿಂಗ್ ಮಾಡುವುದಿದ್ದರೆ 16 ಜಿಬಿಗಿಂತ ಕಡಿಮೆ ಬೇಡ. "ಈಗ 8 ಇರಲಿ, ಆಮೇಲೆ ಹಾಕಿಸ್ತೀನಿ" ಅನ್ನುವವರು ಒಂದು ವಿಷಯ ವಿಚಾರಿಸಿಕೊಳ್ಳಿ. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಆಪಲ್‌ನ ಎಂ ಚಿಪ್ ಮ್ಯಾಕ್‌ಬುಕ್‌ಗಳಲ್ಲಂತೂ ಕೊಂಡಷ್ಟೇ, ಮುಂದೆ ಸೇರಿಸಲು ಆಗುವುದಿಲ್ಲ. ಫೈಲ್ ಇಡುವ ಜಾಗದ ಮಾತು ಬೇರೆ, ಅದು ಸಾಲದಿದ್ದರೆ ಹೊರಗಿನ ಎಸ್‌ಎಸ್‌ಡಿ ಚುಚ್ಚಿಕೊಳ್ಳಬಹುದು. ಅದು ಬೇಕಾಗುತ್ತದೆ ಕೂಡ: 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ಚಿತ್ರೀಕರಿಸಿದ 4ಕೆ ವಿಡಿಯೋ ಗಂಟೆಗೆ 45 ಜಿಬಿ ನುಂಗುತ್ತದೆ.

ಸರಿ, ಐ5, ಐ7 ವಿಷಯಕ್ಕೆ ಬರೋಣ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಿ. 'ಯು' ಅಂದರೆ ಕಡಿಮೆ ವಿದ್ಯುತ್ತಿನದು, 'ಎಚ್' ಅಂದರೆ ಜಾಸ್ತಿ ಶಕ್ತಿ, ಜಾಸ್ತಿ ಬಿಸಿ. ಉದ್ದದ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದಾಗ ತೆಳ್ಳನೆಯ ಮೈಯೊಳಗಿನ ಐ7 'ಯು' ಮೊದಲ ಕೆಲವು ನಿಮಿಷ ಓಡಿ, ಬಿಸಿಯಾಗಿ, ವೇಗ ಇಳಿಸಿಕೊಳ್ಳಬಹುದು. ಅದೇ ಪೀಳಿಗೆಯ ಐ5 'ಎಚ್' ಅದಕ್ಕಿಂತ ಮೊದಲೇ ಕೆಲಸ ಮುಗಿಸಿದರೆ ಆಶ್ಚರ್ಯವಿಲ್ಲ. ಸುಮ್ನೆ 7 ಅನ್ನೋ ಅಂಕಿಗೆ ದುಡ್ಡು ಸುರಿಯಬೇಡಿ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದು 3ಡಿ ಕೆಲಸಕ್ಕೆ, ಭಾರಿ ವಿಡಿಯೋಗೆ. ಫೋಟೋ ತಿದ್ದಲು, ಚಿತ್ರ ಬರೆಯಲು ಅದಿಲ್ಲದೆಯೂ ನಡೆಯುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವವರು ಚಾರ್ಜರ್ ಅನ್ನೂ ಒಮ್ಮೆ ಎತ್ತಿ ನೋಡಿ. ದಿನಾ ಹೊರುವವರು ನೀವೇ. ಅದನ್ನು ಮನೆಯಲ್ಲೇ ಬಿಟ್ಟು ಹೋದರೆ ಬ್ಯಾಟರಿಯಲ್ಲಿ ಆ ವೇಗ ಸಿಗುವುದಿಲ್ಲ.

ಅಂಗಡಿಗೆ ಹೋದಾಗ ಡೆಮೊ ವಿಡಿಯೋ ನೋಡಿ ಮರುಳಾಗಬೇಡಿ. ಬಣ್ಣ ಹೇಗಿರಬೇಕು ಅಂತ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಫೋಟೋ ಒಯ್ಯಿರಿ. ತೆರೆದು, ಸ್ಕ್ರೀನನ್ನು ಹಿಂದೆ ಮುಂದೆ ಬಾಗಿಸಿ ನೋಡಿ. ಹಾಗೇ ಕೀಬೋರ್ಡಿನಲ್ಲಿ ಒಂದು ಪುಟ ಟೈಪ್ ಮಾಡಿ. ನನ್ನ ಪೆನ್‌ಡ್ರೈವಿನಲ್ಲಿ ಇದಕ್ಕಂತಲೇ ಒಂದು ಫೋಟೋ ಇದೆ. ಅದೇ ಮಗುವಿನದು, ನಾನು ಕೈ ಹಚ್ಚುವ ಮೊದಲಿನದು.