ಬಿಸಿಲಿಗಿಟ್ಟ ಬೀಕರ್

ಬಣ್ಣದ ನೀರನ್ನು ಬಿಸಿಲು ಮತ್ತು ಒಂದು ಪುಡಿಯಿಂದ ತಿಳಿ ಮಾಡುವ ಎಂಎಸ್ಸಿ ಪ್ರಾಜೆಕ್ಟಿಗೆ ಅಂತ ಒಂದು ಇಡೀ ಏಪ್ರಿಲ್ ಕಾಲೇಜಿನ ಟೆರೇಸ್ ಮೇಲೆ ಕಳೆದಿದ್ದೇನೆ. ಲ್ಯಾಬಿನಿಂದ ಎಳೆದು ತಂದ ವಯರ್, ಅದಕ್ಕೊಂದು ಮ್ಯಾಗ್ನೆಟಿಕ್ ಸ್ಟಿರರ್ (ಅಯಸ್ಕಾಂತದಿಂದ ಕಲಕುವ ಯಂತ್ರ), ಅದರ ಮೇಲೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಕರಗಿಸಿದ 100 ಎಂಎಲ್ ನೀರು.

ಪುಡಿ ನಾನೇ ಮಾಡಿದ್ದು. ಜಿಂಕ್ ನೈಟ್ರೇಟ್, ಯೂರಿಯಾ ನೀರಲ್ಲಿ ಕರಗಿಸಿ ಕಾದ ಫರ್ನೇಸಿಗೆ ಇಟ್ಟರೆ ಮೊದಲು ಕುದಿಯುತ್ತದೆ, ಆಮೇಲೆ ನೊರೆ, ಆಮೇಲೆ ಭಗ್ ಅಂತ ಬೆಂಕಿ. ಉಳಿಯುವುದು ಹಗುರವಾದ ಜಿಂಕ್ ಆಕ್ಸೈಡ್. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಬಿದ್ದರೆ ಅದರೊಳಗಿನ ಎಲೆಕ್ಟ್ರಾನ್ ಎದ್ದು ಹೋಗಿ ಖಾಲಿ ಜಾಗ ಬಿಡುತ್ತದೆ. ಅಲ್ಲಿಂದ ಹುಟ್ಟುವ, ಸಿಕ್ಕಿದ್ದರ ಜೊತೆ ತಕ್ಷಣ ಪ್ರತಿಕ್ರಿಯಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬಣ್ಣದ ಅಣುವನ್ನು ಕಡಿದು ಹಾಕುತ್ತದೆ.

ಮೊದಲ ದಿನ ಒಂದೂವರೆ ಗಂಟೆಯಲ್ಲಿ ನೀಲಿ ಮಾಯ! ಫೋಟೋ ತೆಗೆದುಕೊಂಡು ಮೇಡಂ ಹತ್ತಿರ ಓಡಿದೆ. ಅವರು ಕೇಳಿದ್ದು ಒಂದೇ, "ಪುಡಿ ಹಾಕದ ಬೀಕರ್ ಎಲ್ಲಿ?"

ಇಟ್ಟಿರಲಿಲ್ಲ. ಮರುದಿನ ಇಟ್ಟೆ. ಬರೀ ಬಿಸಿಲಿಗೇ ಅದೂ ಸ್ವಲ್ಪ ತಿಳಿಯಾಯಿತು. ಪುಡಿ ಹಾಕಿ ಕತ್ತಲಲ್ಲಿಟ್ಟಿದ್ದರಲ್ಲೂ ಬಣ್ಣ ಒಂಚೂರು ಇಳಿದಿತ್ತು. ಅದು ಒಡೆದಿರಲಿಲ್ಲ, ಪುಡಿಗೆ ಅಂಟಿಕೊಂಡಿತ್ತು ಅಷ್ಟೇ. ತಳದಲ್ಲಿ ಕೂತ ಪುಡಿಯೇ ನೀಲಿ! ಇವೆರಡನ್ನೂ ಕಳೆದ ಮೇಲೆ ನನ್ನ ಪುಡಿಯ ಹೆಚ್ಚುಗಾರಿಕೆ ಜಾಸ್ತಿ ಏನೂ ಉಳಿಯಲಿಲ್ಲ. ಆದರೂ ಉಳಿದದ್ದು ನಿಜವಾದದ್ದು, ಅಲ್ವಾ?

ಬನಹಟ್ಟಿಯಲ್ಲಿ ನಮ್ಮ ಕಾಕಾ ನೂಲಿಗೆ ಬಣ್ಣ ಹಾಕುತ್ತಾರೆ. ಅವರ ತೊಟ್ಟಿಯಿಂದ ಒಂದು ಬಾಟಲಿ ಕೆಂಪು ನೀರು ತರಿಸಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲಿಗಿಟ್ಟರೂ ಅದು ಕೆಂಪೇ. ತಲೆ ಕೆಟ್ಟುಹೋಯಿತು. ಆಮೇಲೆ ಹೊಳೆಯಿತು: ಅಷ್ಟು ಗಾಢ ನೀರಿನಲ್ಲಿ ಬೆಳಕು ಪುಡಿಯವರೆಗೆ ಹೋಗುವುದೇ ಇಲ್ಲ. ಸಾಲದ್ದಕ್ಕೆ, ಬಣ್ಣ ನೂಲಿಗೆ ಹಿಡಿಯಲಿ ಅಂತ ಹಾಕಿದ ಉಪ್ಪು, ಸೋಡಾ ಎಲ್ಲ ಅದರಲ್ಲೇ ಇದೆ. ಸೋಡಾದ ಕಾರ್ಬೊನೇಟ್ ಆ ರ‍್ಯಾಡಿಕಲ್‌ಗಳನ್ನು ಬಣ್ಣಕ್ಕಿಂತ ಮೊದಲೇ ನುಂಗುತ್ತದೆ. ಲ್ಯಾಬಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ಈ ಗೋಳೇ ಇರಲಿಲ್ಲ.

ಕೊನೆಗೆ ಆಸಿಡ್ ಹಾಕಿ ಸೋಡಾ ತೆಗೆದು, ಒಂದು ಪಾಲಿಗೆ 19 ಪಾಲು ನೀರು ಬೆರೆಸಿದೆ. ಮಧ್ಯಾಹ್ನದ ಹೊತ್ತಿಗೆ ತಿಳಿಯಾಯಿತು. ಬಣ್ಣ ಹೋದರೂ ಒಡೆದ ಚೂರುಗಳು ನೀರಲ್ಲೇ ಇರಬಹುದು. ಅದಕ್ಕೆ ಸಿಒಡಿ, ಅಂದರೆ ನೀರಲ್ಲಿ ಉಳಿದ ಸಾವಯವ ವಸ್ತುವನ್ನು ಆಕ್ಸಿಡೈಸ್ ಮಾಡಲು ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ, ಬೇರೆ ನೋಡಬೇಕು. ಆ ಮಾತು ಕಾಕಾಗೆ ಹೇಳಲು ಹೋಗಲಿಲ್ಲ. ತಿಳಿಯಾಯ್ತು ಅಂತಷ್ಟೇ ಫೋನ್ ಮಾಡಿದೆ.

"ಛಲೋ ಆತು ಬಿಡವಾ. ನಮ್ಮ ತೊಟ್ಟಿ ದಿನಾ ಸಾವಿರ ಲೀಟರ್ ಬಿಡ್ತೈತಿ. ನಿನ್ನ ಗ್ಲಾಸಿನ್ಯಾಗ ಎಷ್ಟ ಹಿಡಿತೈತಿ?"

"ನೂರು ಎಂಎಲ್, ಕಾಕಾ."

ಅದರಲ್ಲಿ ಅವರ ನೀರು ಐದೇ ಎಂಎಲ್ ಅಂತ ಹೇಳಲು ಬಾಯಿ ಬರಲಿಲ್ಲ.