‘ಇದು ಅಸಲಿಯಾ?’ ಅಂತ ಕೇಳುವ ಮೊದಲು ಹಿಡಿ ಕಳಚಿ

ಪ್ರಶ್ನೆ ಯಾವಾಗಲೂ ಒಂದೇ. ವಾಟ್ಸಾಪಿಗೆ ಒಂದು ಫೋಟೊ ಬರುತ್ತದೆ. ಕೆಳಗೆ, ‘ಸಾರ್, ಜಪಾನಿ ಮಿಲಿಟರಿ ಕತ್ತಿ. ಅಸಲಿಯಾ? ಎಷ್ಟಕ್ಕೆ ಹೋಗುತ್ತೆ?’ ನೋಡಿದರೆ ಕತ್ತಿ ಒರೆಯೊಳಗಿದೆ. ಅಲಗೇ ಕಾಣದಿದ್ದರೆ ನಾನು ಏನು ಹೇಳಲಿ?

ಅಸಲಿ ಅಂದರೆ ಏನು ಅನ್ನುವುದೇ ಮೊದಲ ತಕರಾರು. 1934ರಲ್ಲಿ ಜಪಾನಿನ ಸೇನೆ ಯುರೋಪಿನ ಮಾದರಿಯ ಕತ್ತಿ ಬಿಟ್ಟು ಹಳೇ ಸಮುರಾಯಿ ಕತ್ತಿಯ ರೂಪಕ್ಕೆ ಮರಳಿತು. ಇದೇ ಶಿನ್‌ಗುಂತೊ. ಅಧಿಕಾರಿಗಳ ಕತ್ತಿಗಳಲ್ಲಿ ಜಾಸ್ತಿ ಕಾರ್ಖಾನೆಯ ಅಲಗುಗಳೇ. ಕೆಲವರು ಮಾತ್ರ ಮನೆತನದ ಹಳೇ ಅಲಗಿಗೇ ಮಿಲಿಟರಿ ಹಿಡಿ, ಒರೆ ಹಾಕಿಸಿಕೊಂಡರು. ಎರಡೂ ಯುದ್ಧಕ್ಕೆ ಹೋದವೇ, ಎರಡೂ ಅಸಲಿಯೇ. ಬೆಲೆ ಬೇರೆ, ಅಷ್ಟೆ.

ಕೆಳದರ್ಜೆಯವರಿಗೆ 1935ರಲ್ಲಿ ಬಂದ ಕತ್ತಿ ಪೂರ್ತಿ ಯಂತ್ರದ್ದು. ಹಿಡಿ ಹೆಚ್ಚಾಗಿ ಎರಕದ ಲೋಹದ್ದು, ದಾರ ಸುತ್ತಿದ ಹಾಗೆ ಕಾಣಲಿ ಅಂತ ಅದಕ್ಕೆ ಬಣ್ಣ. ಅಲಗಿನ ಮೇಲೆ, ಹಿಡಿಯ ಪಕ್ಕದಲ್ಲೇ ನಂಬರ್ ಇರುತ್ತದೆ. ಒರೆಯ ನಂಬರ್ ಜೊತೆ ಅದನ್ನು ಹೋಲಿಸಿ ನೋಡಿ. ನಕಲಿಗಳಲ್ಲಿ ಅಂಕಿ ಒರಟಾಗಿ, ಸೊಟ್ಟಗೆ ಬಿದ್ದಿರುವುದೇ ಹೆಚ್ಚು.

ಅಧಿಕಾರಿಯ ಕತ್ತಿಯಾದರೆ ಉತ್ತರ ಹಿಡಿಯೊಳಗಿದೆ. ಬಿದಿರಿನ ಮೊಳೆ ಮೆಲ್ಲಗೆ ತಳ್ಳಿ, ಹಿಡಿ ಕಳಚಿ. ಒಳಗಿರುವ ಅಲಗಿನ ಬುಡಕ್ಕೆ ನಕಾಗೊ ಅನ್ನುತ್ತಾರೆ. ಅರದ ಗೆರೆ, ಕಮ್ಮಾರನ ಸಹಿ, ಮುದ್ರೆ ಇದ್ದರೆ ಅಲ್ಲೇ. ಎಲ್ಲಕ್ಕಿಂತ ಮುಖ್ಯ ತುಕ್ಕು. ಹಳೇ ತುಕ್ಕು ಕಪ್ಪು ಕಂದು, ಬೆರಳಿಗೆ ಅಂಟುವುದಿಲ್ಲ. ಕಿತ್ತಳೆ ಬಣ್ಣದ ಪುಡಿ ಉದುರಿದರೆ ಅನುಮಾನ ಪಡಿ.

ದಯವಿಟ್ಟು ಅದನ್ನು ಉಜ್ಜಬೇಡಿ. ಇದನ್ನು ಎಷ್ಟು ಸಲ ಹೇಳಲಿ!

ಹಲಸೂರಿನಿಂದ ಎಪ್ಪತ್ತು ದಾಟಿದ ಅಮ್ಮ ಒಬ್ಬರು ಇಂಥದ್ದೊಂದು ಕತ್ತಿ ಹಿಡಿದು ಬಂದಿದ್ದರು. ಅವರ ತಂದೆ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ಬರ್ಮಾದ ಯುದ್ಧಕ್ಕೆ ಹೋಗಿ ಬಂದವರು. ಹಿಡಿ ಕಳಚಿದೆ. ನಕಾಗೊ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು. ‘ತುಕ್ಕು ಹಿಡಿದಿತ್ತು ಅಂತ ಮಗ ಉಪ್ಪುಕಾಗದ ಹಾಕಿ ತಿಕ್ಕಿದ’ ಅಂದರು. ಸಹಿಯಲ್ಲಿ ಅರ್ಧ ಅಕ್ಷರ ಉಳಿದಿತ್ತು. ನನಗೆ ಹೊಟ್ಟೆ ಉರಿದುಹೋಯಿತು.

‘ಹಾಗಾದ್ರೆ ನಕಲೀನಾ?’

‘ಅಲ್ಲಮ್ಮ. ಸಾಕ್ಷಿ ಹೋಯಿತು, ಅಷ್ಟೆ.’

ಆಮೇಲೆ ನಾನೇ ಕೇಳಿದೆ: ‘ಇದು ಯಾರದಾಗಿತ್ತು ಅಂತ ಗೊತ್ತಾ?’ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳುವುದಿಲ್ಲ. 1945ರಲ್ಲಿ ಶರಣಾದಾಗ ಎಷ್ಟೋ ಜಪಾನಿ ಅಧಿಕಾರಿಗಳು ಕತ್ತಿಗೆ ಹೆಸರಿನ ಚೀಟಿ ಕಟ್ಟಿ ಒಪ್ಪಿಸಿದರು. ಕೆಲವದರಲ್ಲಿ ಊರಿನ ವಿಳಾಸವೂ ಇತ್ತು. ಮುಂದೊಂದು ದಿನ ವಾಪಸ್ ಸಿಕ್ಕೀತು ಅಂತ ಆಸೆ ಇತ್ತೋ ಏನೋ.

ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಕೂತರು. ‘ಒಂದು ಪುಟ್ಟ ಮರದ ಪಟ್ಟಿ ಇತ್ತು, ಮೇಲೆ ಏನೋ ಬರೆದಿತ್ತು. ಚಿಕ್ಕೋಳಿದ್ದಾಗ ಅದನ್ನ ಬಿಚ್ಚಿ ಮನೆಯಾಟ ಆಡ್ತಿದ್ದೆ.’

ಪಟ್ಟಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಆದರೆ ಹಿಡಿಯ ತುದಿಯಲ್ಲಿ ಬೆರಳುದ್ದದ ದಾರದ ತುಂಡು ಇನ್ನೂ ಗಂಟು ಹಾಕಿಕೊಂಡೇ ಇತ್ತು. ಅದನ್ನು ಬಿಚ್ಚಬೇಡಿ, ತೊಳೆಯಬೇಡಿ, ಮಗನಿಗೂ ಹೇಳಿ ಅಂದು ಕಳಿಸಿಕೊಟ್ಟೆ.