ಪ್ಲೇಟಿನ ಕೊನೇ ಹಾಡು

ಇವತ್ತು ತುಮಕೂರಿನ ಭಾವನ ಮನೆಯಲ್ಲಿ ಹಳೇ ಎಲ್‌ಪಿ, ಅಂದ್ರೆ ಗ್ರಾಮಫೋನ್ ಪ್ಲೇಟು ಕೇಳಿದೆ.
"ಫೋನಲ್ಲಿ ಈ ದನಿ ಬರುತ್ತಾ ಹೇಳು" ಅಂದರು ಭಾವ.

ಚೆನ್ನಾಗೇ ಇತ್ತು. ಆದರೆ ಕೊನೇ ಹಾಡಲ್ಲಿ 'ಸ' ಬಂದಾಗೆಲ್ಲ ಬುಸ್ ಅಂತಿತ್ತು.
ಮುಳ್ಳು ಸವೆದಿದೆ ಅಂದಳು ಅಕ್ಕ. ಇರಬಹುದು.
ಆದರೆ ಪ್ಲೇಟು ಅಂಚಲ್ಲೂ ನಡುವಲ್ಲೂ ನಿಮಿಷಕ್ಕೆ ಅದೇ 33 ಚಿಲ್ಲರೆ ಸುತ್ತು. ಕೊನೇ ಹಾಡಿರೋ ಒಳಗಿನ ಸುತ್ತು ಚಿಕ್ಕದು, ಅಷ್ಟೇ ಹೊತ್ತಿನ ಹಾಡು ಕಮ್ಮಿ ಜಾಗದಲ್ಲಿ ಹಿಡಿಸಬೇಕು. 'ಸ'ದಂಥ ಚೂಪು ದನಿಗಳು ಅಲ್ಲೇ ಒದ್ದಾಡೋದು.

ಸಿಡಿಗೆ ಈ ತಾಪತ್ರಯ ಇಲ್ಲ. ಅದರಲ್ಲಿ ದನಿಯನ್ನ ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿರುತ್ತೆ, ಮೊದಲ ಹಾಡಿಗೂ ಕೊನೇ ಹಾಡಿಗೂ ಒಂದೇ.

ಲೆಕ್ಕದಲ್ಲಿ ಡಿಜಿಟಲ್ಲೇ ಮುಂದೆ, ಬಿಡಿ. ಆದರೆ ಫೋನಲ್ಲಿ ಪಲ್ಲವಿ ಮುಗಿಯುವ ಮೊದಲೇ ಮುಂದಿನ ಹಾಡಿಗೆ ಹಾರುತ್ತೇನೆ. ಪ್ಲೇಟಿನ ಮುಂದೆ ಸುಮ್ನೆ ಕೂತಿರುತ್ತೇನೆ. ಇದಕ್ಕೂ ದನಿಗೂ ಸಂಬಂಧ ಇಲ್ಲ, ಅಲ್ವಾ?